ಚಹಾ ಆರುವವರೆಗೆ

ದಿನವಿಡೀ ಬೇರೆಯವರನ್ನು ಕುರ್ಚಿಯಲ್ಲಿ ಕೂರಿಸಿ, ಗದ್ದ ಹಿಡಿದು, "ಸ್ವಲ್ಪ ಅಲ್ಲಾಡ್ಬೇಡಿ" ಎಂದು ಹೇಳುವುದೇ ಹೊಟ್ಟೆಪಾಡಾಗಿದ್ದ ಮನುಷ್ಯನಿಗೆ ತಾನು ಮಾತ್ರ ಎರಡು ನಿಮಿಷ ಒಂದು ಕಡೆ ಕೂರಲು ಬರುತ್ತಿರಲಿಲ್ಲ. ಕ್ಷೌರದಂಗಡಿಯ ಗಿರಾಕಿಗಳು ಅವನಿಗೆ ಗಡಿಬಿಡಿ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಊಟವನ್ನು ಅರ್ಧ ನಿಂತೇ ಮುಗಿಸುತ್ತಿದ್ದ, ಪೇಪರನ್ನು ಓಡಾಡುತ್ತಲೇ ಓದುತ್ತಿದ್ದ, ಯಾರಾದರೂ ಏನಾದರೂ ಕಥೆ ಶುರು ಮಾಡಿದರೆ ಕೊನೆಗೇನಾಯಿತು ಎಂದು ಮೊದಲೇ ಕೇಳಿಬಿಡುತ್ತಿದ್ದ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು ಎಂದು ಅವನ ತಾಯಿಯೇ ಹೇಳುತ್ತಿದ್ದಳಂತೆ.

ಅಂಥವನಿಗೆ ಗಂಟು ಬಿದ್ದವಳು ಚಿತ್ರ ಬರೆಯುವ ಹೆಂಡತಿ. ಮೊದಲಿಗೆ ಅವಳೂ ಚಿತ್ರ ಬರೆಯುವವಳೇನಾಗಿರಲಿಲ್ಲ. ಸ್ನಾನದ ಮನೆಯ ಗೋಡೆಗೆ ಕೂರಿಸುವ ಟೈಲ್ಸ್‌ ಮಾಡುವ ಕಾರ್ಖಾನೆಯಲ್ಲಿ ಅಂಚಿಗೆ ನೀಲಿ ಗೆರೆ ಎಳೆಯುವುದು ಅವಳ ಕೆಲಸ. ಉಸಿರು ಬಿಗಿಹಿಡಿದು ಈ ತುದಿಯಿಂದ ಆ ತುದಿಗೆ ಒಂದೇ ಎಳೆತ. ಮಧ್ಯದಲ್ಲಿ ಕುಂಚ ಎತ್ತುವ ಹಾಗಿಲ್ಲ. ಅವಳು ಎಳೆದ ಗೆರೆಗೆ ಸ್ಕೇಲು ಇಟ್ಟು ನೋಡಿದವರೂ ಇದ್ದರು. ಪಕ್ಕದಲ್ಲಿ ಕೂರುತ್ತಿದ್ದ ಒಬ್ಬ ಹೆಂಗಸಿನ ಗೆರೆ ವಯಸ್ಸಾದಂತೆ ಅಲುಗತೊಡಗಿದಾಗ ಇವಳು ಮನೆಗೆ ಬಂದು, "ಪಾಪ, ಅವಳದು ಮುಗೀತು" ಎಂದಿದ್ದಳು. ಆ "ಪಾಪ" ಎನ್ನುವ ಮಾತು ಗಡಿಬಿಡಿಯ ಕಿವಿಯಲ್ಲಿ ಯಾಕೋ ಹಾಗೇ ಉಳಿದುಬಿಟ್ಟಿತ್ತು. ಆಮೇಲೆ ಗೆರೆಯನ್ನು ಅಚ್ಚು ಹಾಕುವ ಯಂತ್ರವೇ ಬಂತು, ಹೆಂಗಸರನ್ನೆಲ್ಲ ಮನೆಗೆ ಕಳಿಸಿದರು. ಕೆಲವು ವಾರ ಅವಳು ಅಡುಗೆಮನೆಯ ಡಬ್ಬಗಳನ್ನು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಜೋಡಿಸುತ್ತ ಕಳೆದಳು. ಒಂದು ಬೆಳಿಗ್ಗೆ ಗಂಡ ಕಿಟಕಿಯ ಹತ್ತಿರ ನಿಂತು ಚಹಾ ಊದುತ್ತಿದ್ದಾಗ, "ರೀ, ಹಾಗೇ ಕೂತ್ಕೊಳ್ಳಿ. ಚಹಾ ಆರೋವರೆಗೂ ಸಾಕು" ಎಂದಳು. ಒಂದು ದಿನದ ಹುಚ್ಚು ಎಂದುಕೊಂಡು ಅವನು ಕೂತ. ಆ ಒಂದು ದಿನ ಮುಗಿಯದೆ ಎಷ್ಟೋ ವರ್ಷ ಆಗಿಹೋಯಿತು.

ಅದಕ್ಕೆ ಅದರದೇ ಕಟ್ಟುಪಾಡು. ಅದೇ ಕಿಟಕಿ, ಅದೇ ಕುರ್ಚಿ. ಎಡಗೈ ತೊಡೆಯ ಮೇಲೆ, ಬಲಗೈಯಲ್ಲಿ ಎದೆಯೆತ್ತರಕ್ಕೆ ಹಿಡಿದ ಕಪ್. ಎದುರಿಗೆ ಅವಳು ಸ್ಟೂಲಿನ ಮೇಲೆ, ತೊಡೆಯ ಮೇಲೆ ರಟ್ಟು, ಅದರ ಮೇಲೆ ಕಾಗದ. ಬರೆಯುವಾಗ ಅವಳು ಕಾಗದವನ್ನು ನೋಡುತ್ತಲೇ ಇರಲಿಲ್ಲ. ಕಣ್ಣು ಅವನ ಮೈಯಂಚಿನ ಮೇಲೆ ಮೆಲ್ಲಗೆ ಹರಿಯುತ್ತಿತ್ತು. ಕಣ್ಣು ಹೋದ ಕಡೆ ಕೆಳಗೆ ಪೆನ್ಸಿಲು ತಾನೇ ಹೋಗುತ್ತಿತ್ತು. ಮೊದಲು ಕಿಟಕಿ, ಆಮೇಲೆ ಕುರ್ಚಿ, ಭುಜ, ಪೆನ್ಸಿಲಿನ ಅರ್ಧ ಮೊನೆ ತಿನ್ನುವಂಥ ಆ ಮೂಗು, ಕೊನೆಗೆ ಕೈ ಮತ್ತು ಕಪ್. ಅಷ್ಟು ಹೊತ್ತಿಗೆ ಹಬೆ ನಿಂತು ಚಹಾದ ಮೇಲೆ ಕೆನೆ ಕಟ್ಟಿರುತ್ತಿತ್ತು. "ಮುಗೀತು" ಎಂದಳೋ ಇಲ್ಲವೋ, ಅವನು ತಣ್ಣಗಿನ ಚಹಾವನ್ನು ಒಂದೇ ಗುಕ್ಕಿಗೆ ಸುರಿದುಕೊಂಡು ಅಂಗಡಿಗೆ ಓಟ. "ಬಿಸಿ ಚಹಾ ಅಂದ್ರೆ ಹೇಗಿರುತ್ತೆ ಅನ್ನೋದೇ ಮರೆತುಹೋಗಿದೆ ಸ್ವಾಮೀ" ಎಂದು ಗಿರಾಕಿಗಳ ಮುಂದೆ ಗೋಳಾಡುತ್ತಿದ್ದ. ಅಷ್ಟು ಗೋಳಾಡುವವನು ಒಂದು ದಿನವಾದರೂ ತಪ್ಪಿಸಿಕೊಳ್ಳಲಿಲ್ಲ ಎನ್ನುವುದನ್ನು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ.

ಜ್ವರ ಬಂದಾಗಲೂ ಕೂತಿದ್ದ. ಗಂಡಹೆಂಡಿರು ಮಾತು ಬಿಟ್ಟಿದ್ದ ದಿನಗಳಲ್ಲಿ ಅವಳು ಪೆನ್ಸಿಲಿನಿಂದಲೇ ಕುರ್ಚಿ ತೋರಿಸುತ್ತಿದ್ದಳು, ಇವನು ಮುಖ ಊದಿಸಿಕೊಂಡೇ ಕೂರುತ್ತಿದ್ದ. ಅವನ ತಾಯಿ ತೀರಿಕೊಂಡ ಮರುದಿನ ಬೆಳಿಗ್ಗೆಯೂ ಅವಳು ಸ್ಟೂಲು ಎಳೆದುಕೊಂಡಾಗ, "ನಿಂದೇನು ಕಲ್ಲಿನ ಎದೆಯೇನೇ" ಎಂದು ರೇಗಿದ್ದ. ರೇಗಿಕೊಂಡೇ ಕೂತ, ಕೂತಲ್ಲೇ ಅತ್ತ, ಅವಳು ಬರೆಯುತ್ತಲೇ ಇದ್ದಳು. ಆ ದಿನ ಅವನ ಜೀವ ಹಿಡಿದು ನಿಲ್ಲಿಸಿದ್ದು ಆ ಕುರ್ಚಿಯೊಂದೇ. ಅದನ್ನು ಅವಳಿಗೆ ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡ, ಗಡಿಬಿಡಿಯಲ್ಲಿ ಹೇಳಲಿಲ್ಲ.

ಬರೆದದ್ದೆಲ್ಲ ಕಟ್ಟುಕಟ್ಟಾಗಿ ಮಂಚದ ಕೆಳಗೆ ಸೇರುತ್ತಿತ್ತು. ಅವನು ಒಂದನ್ನೂ ಕೂತು ನೋಡಿದವನಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಮೂರು ಕಡೆ ಕನ್ನಡಿ ಇರುವ ಅಂಗಡಿಯಲ್ಲಿ ನಿಲ್ಲುವವನಿಗೆ ತನ್ನ ಮುಖ ನೋಡುವ ಚಪಲವೇನೂ ಉಳಿದಿರುವುದಿಲ್ಲ.

ಹೀಗಿರುವಾಗ ಅವನ ಕೈ ನಡುಗತೊಡಗಿತು.

ಮೊದಲು ಕಂಡದ್ದು ನಿವೃತ್ತ ಅಂಚೆಯಣ್ಣನ ಕೆನ್ನೆಯ ಮೇಲೆ. ಕತ್ತಿಯ ತುದಿಗೆ ಹತ್ತಿದ್ದ ನೊರೆ ಗಾಳಿಯಿಲ್ಲದೆಯೇ ಅದುರುತ್ತಿತ್ತು. ಬೆಳಿಗ್ಗೆ ಸರಿಯಾಗಿ ತಿಂದಿಲ್ಲ, ಅದಕ್ಕೇ ಇರಬೇಕು ಎಂದುಕೊಂಡ. ಮರುದಿನ ಹೊಟ್ಟೆ ತುಂಬ ತಿಂದು ಹೋದ, ನೊರೆ ಅದುರಿತು. ಕತ್ತರಿ ಹಿಡಿದರೆ ಗೊತ್ತಾಗುತ್ತಿರಲಿಲ್ಲ. ಕತ್ತರಿ ಸದಾ ಕುಣಿಯುವ ವಸ್ತು, ಅದರ ಕುಣಿತದಲ್ಲಿ ಕೈಯ ಕುಣಿತ ಕರಗಿಹೋಗುತ್ತದೆ. ಕ್ಷೌರದ ಕತ್ತಿ ಹಾಗಲ್ಲ, ಅದು ಸುಮ್ಮನಿರಬೇಕು. ಅವನದು ಸುಮ್ಮನಿರುತ್ತಿರಲಿಲ್ಲ.

ಅಂಗಡಿಯ ಎರಡನೇ ಕುರ್ಚಿ ಭಾವಮೈದನದು, ಅಂದರೆ ಹೆಂಡತಿಯ ತಮ್ಮನದು. ಅವನೋ ಒಬ್ಬ ಗಿರಾಕಿಯ ಮೀಸೆ ತಿದ್ದುವಷ್ಟರಲ್ಲಿ ಇವನು ಮೂವರ ತಲೆ ಮುಗಿಸಿರುತ್ತಿದ್ದ. ಅಂಥ ನಿಧಾನದ ಮನುಷ್ಯನಿಗೆ ಗಡಿಬಿಡಿ ಈಗ ಗಡ್ಡದ ಗಿರಾಕಿಗಳನ್ನೆಲ್ಲ ದಾಟಿಸತೊಡಗಿದ. "ಸೊಂಟ ಹಿಡ್ಕೊಂಡಿದೆ ಕಣೋ, ಬಗ್ಗೋಕಾಗ್ತಿಲ್ಲ" ಎಂದ ಒಂದು ದಿನ. "ಅವರಿಗೆ ನಿನ್ನ ಕೈಯೇ ಹಿತ ಅಂತೆ" ಎಂದ ಇನ್ನೊಂದು ದಿನ. ಭಾವಮೈದ ಯಾವುದಕ್ಕೂ ಎದುರು ಕೇಳದೆ "ಆಯ್ತು ಭಾವ" ಎನ್ನುತ್ತಿದ್ದ. ಅಂಚೆಯಣ್ಣ ಮಾತ್ರ ಹಟ ಹಿಡಿದು ಇವನ ಕುರ್ಚಿಯಲ್ಲೇ ಕೂತ ಒಂದು ಬೆಳಿಗ್ಗೆ ಕಿವಿಯ ಹಾಲೆಗೆ ಕತ್ತಿ ತಾಗಿ ರಕ್ತ ಬಂತು. "ಬ್ಲೇಡೇ ಸರಿಯಿಲ್ಲ" ಎಂದ ಇವನು. "ನಿನ್ನ ಗಡಿಬಿಡಿಗೆ ಇಷ್ಟು ವರ್ಷ ತಲೆ ಕೊಟ್ಟಿದ್ದಾಯ್ತು, ಈಗ ಕಿವೀನೂ ಕೊಡ್ಬೇಕೇನಯ್ಯಾ" ಎಂದು ಅಂಚೆಯಣ್ಣ ನಕ್ಕರು. ಕಾಯುತ್ತ ಕೂತವರೂ ನಕ್ಕರು, ಇವನೂ ನಕ್ಕ. ಆಮೇಲೆ ಹಿಂದಿನ ಕೋಣೆಗೆ ಹೋಗಿ ನಲ್ಲಿಯ ಕೆಳಗೆ ಕೈ ಹಿಡಿದು, ನೀರು ಬಿಟ್ಟುಕೊಂಡು ತುಂಬ ಹೊತ್ತು ನಿಂತ.

ಅವನಿಗೆ ಹೆದರಿಕೆಯಾಗಿತ್ತು. ನಡುಗುವ ಕೈಗೆ ಯಾರು ತಾನೇ ಕತ್ತು ಒಡ್ಡುತ್ತಾರೆ? ಬೇರೆ ಕೆಲಸ ಅವನಿಗೆ ಗೊತ್ತಿರಲಿಲ್ಲ, ಕಲಿಯುವ ವಯಸ್ಸೂ ಅಲ್ಲ. ಆದರೆ ಗಿರಾಕಿಗಳಿಗಿಂತ ಹೆಚ್ಚಾಗಿ ಅವನು ಹೆದರಿದ್ದು ಹೆಂಡತಿಗೆ. ಅವಳ ಬಾಯಿಂದ ತನ್ನ ವಿಷಯಕ್ಕೂ ಒಂದು ದಿನ ಆ "ಪಾಪ" ಬಂದುಬಿಟ್ಟರೆ ತಾನು ಈ ಮನೆಯಲ್ಲಿ ಹೇಗಿರಲಿ ಎನ್ನುವುದೇ ಅವನ ದಿಗಿಲು. ಡಾಕ್ಟರ ಹತ್ತಿರ ಹೋಗಲಿಲ್ಲ; ಹೋದರೆ ಅದಕ್ಕೊಂದು ಹೆಸರು ಬಂದುಬಿಡುತ್ತದಲ್ಲ. ಬೆಳಿಗ್ಗೆ ಕಪ್ಪನ್ನು ಎದೆಗೆ ಒತ್ತಿ ಹಿಡಿಯತೊಡಗಿದ. "ಹೊಟ್ಟೆ ಉಬ್ಬರಿಸುತ್ತೆ, ಅರ್ಧ ಕಪ್ ಸಾಕು" ಎಂದು ತುಳುಕದಷ್ಟೇ ಚಹಾ ಹಾಕಿಸಿಕೊಂಡ. ಅಂಗಿಯ ಕಾಲರು ಒಂದಿಷ್ಟು ಮಡಚಿದ್ದರೂ ಎದ್ದು ಬಂದು ಸರಿಪಡಿಸುತ್ತಿದ್ದವಳು ಇದಕ್ಕೆ ಏನೂ ಅನ್ನಲಿಲ್ಲ. ಅವಳೂ ಈಚೆಗೆ ಒಂಥರಾ ಆಗಿದ್ದಳು. ಬರೆದು ಮುಗಿಸಿದ ಕೂಡಲೇ ಕಾಗದವನ್ನು ಮಗುಚಿಡುತ್ತಿದ್ದಳು, ಸಣ್ಣ ಮಾತಿಗೂ ಸಿಡುಕುತ್ತಿದ್ದಳು. ತನ್ನದನ್ನು ಮುಚ್ಚಿಡುವ ತರಾತುರಿಯಲ್ಲಿ ಗಡಿಬಿಡಿ ಅದನ್ನು ಗಮನಿಸಿದರೂ ಯಾಕೆ ಎಂದು ಕೇಳಲು ಹೋಗಲಿಲ್ಲ.

ಒಂದು ಸಂಜೆ ಅವನು ಚಪ್ಪಲಿ ಬಿಡುವ ಮೊದಲೇ ಅವಳು ಹೇಳಿದಳು: "ಫ್ರೇಮಿನವರು ಬಂದಿದ್ರು. ಎಲ್ಲಾನೂ ತೂಗು ಹಾಕ್ತಾರಂತೆ."

ಫ್ರೇಮಿನವರು ಎಂದರೆ ಮೂಲೆಯಲ್ಲಿ ಪಟಗಳಿಗೆ ಕಟ್ಟು ಹಾಕುವ ಅಂಗಡಿಯವರು. ಅಂಗಡಿಯ ಮೇಲಿನ ಉದ್ದ ಕೋಣೆಯಲ್ಲಿ ಆಗಾಗ ಯಾರದಾದರೂ ಚಿತ್ರಗಳನ್ನು ಸಾಲಾಗಿ ಹಾಕಿ ನಾಲ್ಕು ಜನರನ್ನು ಕರೆದು ತೋರಿಸುವ ಹವ್ಯಾಸ ಅವರದು. ಈ ಕಟ್ಟುಗಳನ್ನು ಕೊಡಿ ಎಂದು ಅವರು ವರ್ಷಗಳಿಂದ ಬೆನ್ನು ಬಿದ್ದಿದ್ದರು. "ಇನ್ನೂ ಮುಗಿದಿಲ್ಲ" ಎಂದು ಅವಳು ಸಾಗಹಾಕುತ್ತಲೇ ಇದ್ದಳು.

"ಎಲ್ಲಾನೂ ಅಂದ್ರೆ?"

"ಮೊದಲನೇದರಿಂದ ಹಿಡಿದು ಇವತ್ತಿನ ತನಕ. ಒಂದಾದ ಮೇಲೆ ಒಂದು, ಗೋಡೆ ಸುತ್ತ. ಶುಕ್ರವಾರ ಬೆಳಿಗ್ಗೆ ಬಂದು ತಗೊಂಡು ಹೋಗ್ತಾರೆ."

"ಇಷ್ಟು ದಿನ ಮುಗಿದಿಲ್ಲ ಅಂತಿದ್ದೆ."

"ಮುಗೀತು ಅನ್ಸುತ್ತೆ" ಎಂದು ಅವಳು ಒಲೆಯ ಕಡೆ ತಿರುಗಿಬಿಟ್ಟಳು.

ಆ ದನಿಯಲ್ಲಿ ಏನೋ ಇತ್ತು. ಬೇರೆ ದಿನವಾಗಿದ್ದರೆ ಅವನು ಕೆದಕುತ್ತಿದ್ದ. ಆದರೆ ಅವನ ಯೋಚನೆ ಆಗಲೇ ಬೇರೆ ಕಡೆ ಓಡಿತ್ತು. ಕ್ಷೌರದವನ ಚಿತ್ರ ಎಂದರೆ ಅಂಗಡಿಗೆ ಬರುವವರೆಲ್ಲ ನೋಡಲು ಹೋಗುತ್ತಾರೆ. ಅಂಚೆಯಣ್ಣ ಎರಡು ಸಲ ಹೋಗುತ್ತಾರೆ, ಕನ್ನಡಕ ಒರೆಸಿಕೊಂಡು ಒಂದೊಂದನ್ನೂ ನೋಡುತ್ತಾರೆ. ಆ ಚಿತ್ರಗಳಲ್ಲಿ ಕೈ ಹೇಗೆ ಬಂದಿದೆಯೋ? ಯಾವತ್ತೂ ನೋಡಿರದ ಆ ಕಟ್ಟುಗಳು ಈಗ ಮಂಚದ ಕೆಳಗಿನಿಂದ ಅವನ ಬೆನ್ನಿಗೆ ಚುಚ್ಚತೊಡಗಿದವು.

ಗುರುವಾರ ಮಧ್ಯಾಹ್ನ ಅವಳು ಕಟ್ಟುಗಳನ್ನು ಸುತ್ತಲು ದಪ್ಪ ಕಾಗದ ತರಲು ಹೊರಟದ್ದನ್ನು ಅಂಗಡಿಯಿಂದಲೇ ನೋಡಿ, ಅವನು ಅರ್ಧ ತಲೆ ಕತ್ತರಿಸಿದ್ದ ಗಿರಾಕಿಯನ್ನು ಭಾವಮೈದನಿಗೆ ಒಪ್ಪಿಸಿ ಮನೆಗೆ ಬಂದ. ಚಿಲಕ ಹಾಕಿದ. ತನ್ನದೇ ಮನೆಯಲ್ಲಿ ಕಳ್ಳನ ಹಾಗೆ ಮಂಚದ ಕೆಳಗೆ ತೂರಿ ಕಟ್ಟುಗಳನ್ನು ಹೊರಗೆಳೆದ.

ಹುಡುಕಬೇಕಾದದ್ದು ಕೈ. ಆದರೆ ಮೊದಲ ಕಟ್ಟು ಬಿಚ್ಚಿದವನು ಕೈಯನ್ನು ಮರೆತೇಬಿಟ್ಟ. ಕಪ್ಪು ಕೂದಲಿನ, ಸಣಕಲು ಕತ್ತಿನ, ಈಗಲೇ ಎದ್ದು ಓಡುವವನ ಹಾಗೆ ಕುರ್ಚಿಯ ತುದಿಯಲ್ಲಿ ಕೂತ ಒಬ್ಬ ಪಡ್ಡೆ ಹುಡುಗ ಕಿಟಕಿಯಾಚೆ ನೋಡುತ್ತಿದ್ದ. ಹಾಳೆ ತಿರುವಿದ ಹಾಗೆಲ್ಲ ಕೂದಲು ಹಿಂದೆ ಸರಿಯಿತು, ಹೊಟ್ಟೆ ಮುಂದೆ ಬಂತು. ಕಿಟಕಿಯಾಚೆ ಬಯಲಿದ್ದ ಕಡೆ ಒಂದು ಗೋಡೆ ಎದ್ದಿತು, ಗೋಡೆಗೆ ಮಹಡಿ ಬಂತು, ಮಹಡಿಯಲ್ಲಿ ಯಾರೋ ಬಟ್ಟೆ ಒಣಹಾಕಿದರು, ಆಮೇಲೆ ಮಗುವಿನ ಬಟ್ಟೆ ಒಣಹಾಕಿದರು. ಹಿಡಿ ಮುರಿದ ಕಪ್ ಹೋಗಿ ಹೊಸ ಕಪ್ ಬಂತು. ಜ್ವರದ ಮುಖ ಬಂತು, ಮುನಿಸಿನ ಮುಖಗಳು ಬಂದವು. ತಾಯಿ ಹೋದ ಮರುದಿನದ್ದು ಬಂದಾಗ ಅವನು ನೆಲದ ಮೇಲೆ ಕೂತುಬಿಟ್ಟ. ಕಣ್ಣೀರನ್ನು ಅವಳು ಬರೆದಿರಲಿಲ್ಲ. ಒದ್ದೆಯಾದ ಕೆನ್ನೆಯ ಗೆರೆಯನ್ನು ಮಾತ್ರ ಎಷ್ಟು ಮೆತ್ತಗೆ ಎಳೆದಿದ್ದಳೆಂದರೆ, ಅಳುವ ಮಗುವಿನ ಮುಖ ಒರೆಸುವಾಗ ಕೈ ಹೋಗುವ ಹಾಗೆ. ಅವನು ಗಡಿಬಿಡಿಯಲ್ಲಿ ಕಳೆದೆ ಎಂದುಕೊಂಡಿದ್ದ ದಿನಗಳೆಲ್ಲ ಇಲ್ಲಿದ್ದವು, ಒಂದೂ ಕಳೆದಿರಲಿಲ್ಲ. ಆ ಕ್ಷಣ ಅವನಿಗೆ ಹೆಂಡತಿಯ ಮೇಲೆ ಎಂದೂ ಇಲ್ಲದಷ್ಟು ಪ್ರೀತಿ ಉಕ್ಕಿತು.

ಅದು ಕೊನೆಯ ಕಟ್ಟು ಬಿಚ್ಚುವವರೆಗೆ.

ಕಪ್ಪಿನ ಅಂಚು, ಬೆರಳುಗಳು, ಮಣಿಕಟ್ಟು: ಅಲ್ಲಿ ಬಂದಾಗ ಗೆರೆ ಸ್ವೆಟರಿನಿಂದ ಬಿಚ್ಚಿದ ಉಣ್ಣೆಯ ಎಳೆಯ ಹಾಗೆ ಸೊಟ್ಟಸೊಟ್ಟ. ಮಿಕ್ಕ ಕಡೆಯೆಲ್ಲ ನೆಟ್ಟಗೆ. ನಿನ್ನೆಯದು ಹಾಗೇ, ಮೊನ್ನೆಯದೂ ಹಾಗೇ. ಅವನು ಹಿಂದಕ್ಕೆ ಹೋದ. ಅಂಚೆಯಣ್ಣನ ಕಿವಿ ಕೊಯ್ದ ದಿನಗಳಿಗೂ ಹಿಂದೆ, ನೊರೆ ಅದುರಿದ್ದಕ್ಕೂ ಹಿಂದೆ, ಮಹಡಿಯವರು ಕಂಬಳಿ ಒಣಹಾಕಿದ್ದ ಕಳೆದ ಚಳಿಗಾಲದ ಹಾಳೆಗಳಲ್ಲೇ ಆ ಅಲುಗಾಟ ಶುರುವಾಗಿತ್ತು. ಅಂದರೆ ಅವನಿಗೆ ಗೊತ್ತಾಗುವ ಮೊದಲೇ ಅವಳಿಗೆ ಗೊತ್ತಾಗಿತ್ತು. ಗೊತ್ತಾಗಿಯೂ ಬಾಯಿ ಬಿಡದೆ, ಎದುರಿಗೆ ಕೂತು, ಅವನ ಒಂದೊಂದು ನಡುಕವನ್ನೂ ಎಣಿಸಿದ ಹಾಗೆ ಕಾಗದಕ್ಕೆ ಇಳಿಸಿದ್ದಳು. ಈಗ ಅದನ್ನು ಗೋಡೆಗೆ ಹಾಕಿ ಊರಿಗೆ ತೋರಿಸುತ್ತಾಳಂತೆ.

ಅವನ ಮೈಯೆಲ್ಲ ಉರಿದುಹೋಯಿತು. ಹರಿದು ಹಾಕಲೆಂದು ಒಂದು ಹಾಳೆ ಎತ್ತಿದ. ಹಾಳೆಯಲ್ಲಿದ್ದ ಮನುಷ್ಯ ತನ್ನ ಪಾಡಿಗೆ ಕಿಟಕಿಯಾಚೆ ನೋಡುತ್ತ ಕೂತಿದ್ದ, ಹರಿಯಲು ಕೈ ಬರಲಿಲ್ಲ. ಕಟ್ಟುಗಳನ್ನು ಮತ್ತೆ ಕಟ್ಟಲು ಹೋದರೆ ಲಾಡಿ ಬೆರಳಿಗೆ ಸಿಗದೆ ಜಾರಿತು, ಹೇಗೋ ಒಂದು ಗಂಟು ಹಾಕಿ ತುರುಕಿ ಅಂಗಡಿಗೆ ಓಡಿದ. ಅಲ್ಲಿ ಒಬ್ಬ ಗಿರಾಕಿ "ಸ್ವಲ್ಪ ಸಣ್ಣಗೆ ಕತ್ತರಿಸಿ" ಎಂದದ್ದಕ್ಕೆ "ನಂಗೆ ಕೆಲಸ ಕಲಿಸ್ಬೇಡಿ" ಎಂದು ಹಾರಿಬಿದ್ದ. ಭಾವಮೈದ ಮೆಲ್ಲಗೆ, "ಭಾವ, ನೀವು ಮನೆಗೆ ಹೋಗಿ ಸ್ವಲ್ಪ ಮಲಗಿ, ನಾನು ನೋಡ್ಕೊಳ್ತೀನಿ" ಎಂದ.

"ನಿಂಗೂ ಗೊತ್ತಾ?"

"ಏನು ಭಾವ?"

"ಏನೂ ಇಲ್ಲ."

ಭಾವಮೈದ ತಲೆ ತಗ್ಗಿಸಿ ಬಾಚಣಿಗೆ ತೊಳೆಯತೊಡಗಿದ. ಇವನು ಮನೆಗೂ ಹೋಗದೆ, ಅಂಗಡಿಯಲ್ಲೂ ನಿಲ್ಲದೆ, ಬಸ್‌ಸ್ಟ್ಯಾಂಡಿನವರೆಗೆ ನಡೆದು, ಅಲ್ಲಿಂದ ವಾಪಸು ನಡೆದು, ಮತ್ತೆ ಹೋದ. ಹೆಂಡತಿಗೆ ಹೇಳಬೇಕಾದ ಮಾತುಗಳನ್ನು ದಾರಿಯುದ್ದಕ್ಕೂ ಹೆಣೆದ. ನಾನೇನು ನಿನ್ನ ಟೈಲ್ಸಾ? ನನ್ನ ಅನ್ನ ಹೋಗೋದು ನಿಂಗೆ ಚಿತ್ರವಾ? ಒಳ್ಳೊಳ್ಳೆ ಮಾತು ಹೊಳೆದವು. ಮನೆಗೆ ಹೋದ ಮೇಲೆ ಒಂದೂ ಬಾಯಿಗೆ ಬರಲಿಲ್ಲ. ಅವಳು ಕಟ್ಟುಗಳಿಗೆ ಕಾಗದ ಸುತ್ತುತ್ತ ಕೂತಿದ್ದಳು.

ಶುಕ್ರವಾರ ಬೆಳಿಗ್ಗೆ ಅವಳು ಎಂದಿನಂತೆ ಸ್ಟೂಲು ಎಳೆದುಕೊಂಡು "ಬನ್ನಿ" ಎಂದಳು. ಕೂರಬಾರದೆಂದು ನಿರ್ಧಾರ ಮಾಡಿಕೊಂಡಿದ್ದ. ಆದರೆ ಕಾಲುಗಳಿಗೆ ಆ ನಿರ್ಧಾರ ಗೊತ್ತಿರಲಿಲ್ಲವೋ ಏನೋ, ಅವು ತಮ್ಮ ಪಾಡಿಗೆ ಕುರ್ಚಿಗೆ ಹೋದವು. ಅವಳು ಪೆನ್ಸಿಲು ಎತ್ತುವ ಹೊತ್ತಿಗೆ ಅವನು ಕಪ್ಪನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ.

"ಕಪ್ ಹಿಡ್ಕೊಳ್ಳಿ."

"ಇವತ್ತು ಹೀಗೇ."

"ಯಾಕೆ?"

"ನನ್ನ ಕೈ, ನನ್ನ ಇಷ್ಟ."

ಈಗ ಹೇಳುತ್ತಾಳೆ, ಈಗ ಬಾಯಿ ಬಿಡುತ್ತಾಳೆ ಎಂದು ಅವನು ಕಾದ. ಅವಳು ಅವನ ಮುಖವನ್ನು ಒಂದು ಗಳಿಗೆ ನೋಡಿ, "ಸರಿ" ಎಂದಳು. ಬರೆಯತೊಡಗಿದಳು.

ಇಷ್ಟು ವರ್ಷ ಅವನು ಕೂತಾಗಲೆಲ್ಲ ಕಿಟಕಿಯಾಚೆ ನೋಡುತ್ತ, ಅಂಗಡಿಯ ಯೋಚನೆ ಮಾಡುತ್ತ ಇರುತ್ತಿದ್ದ. ಇವತ್ತು ಜಗಳಕ್ಕೆ ಕಾಲು ಕೆರೆದುಕೊಂಡು ಕೂತವನು ಅವಳನ್ನೇ ದಿಟ್ಟಿಸಿದ. ನಾಲಿಗೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು. ಮೇಲ್ತುಟಿಯ ಮೇಲೆ ಬೆವರು. ಭುಜ ಮುಗಿದು ಪೆನ್ಸಿಲು ತೋಳಿಗೆ ಇಳಿಯುತ್ತಿದ್ದಂತೆ ಅವಳ ಉಸಿರು ನಿಂತಿತು, ಹೊಡೆತ ಬೀಳುತ್ತದೆಂದು ಗೊತ್ತಿರುವವಳ ಹಾಗೆ ಕಣ್ಣು ಕಿರಿದಾಯಿತು. ಪೆನ್ಸಿಲು ತೋಳನ್ನು ದಾಟಿತು, ಕಂಕುಳನ್ನು ದಾಟಿತು, ಕೆಳಗಿಳಿದು ನಿಂತಿತು. ಅವಳು ಕಾಗದ ನೋಡಿದಳು. ದೂರ ಹಿಡಿದು ನೋಡಿದಳು. ಎದ್ದು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಮುಖ ಮುಚ್ಚಿಕೊಂಡು ಅಳತೊಡಗಿದಳು.

ಜಗಳಕ್ಕೆ ಸಿದ್ಧವಾಗಿದ್ದವನು ಮುಂದಕ್ಕೆ ಬಗ್ಗಿ, "ಏನಾಯ್ತೇ?" ಎಂದ.

"ನಡುಗಿಲ್ಲ ರೀ."

"ಏನು?"

"ನನ್ನ ಕೈ. ನೋಡಿ ಇಲ್ಲಿ, ಒಂದು ಗೆರೇನೂ ನಡುಗಿಲ್ಲ."

ಆಮೇಲೆ ಅವಳ ಬಾಯಿಗೆ ತಡೆಯೇ ಇರಲಿಲ್ಲ. ಕಳೆದ ಚಳಿಗಾಲದಿಂದ ಹೀಗೇ ಆಗುತ್ತಿತ್ತಂತೆ. ಮಿಕ್ಕಿದ್ದೆಲ್ಲ ಸರಿ ಬಂದು, ಕೊನೆಗೆ ಕಪ್ಪಿಗೆ ಬರುವಷ್ಟರಲ್ಲಿ ಕೈ ಸೋತು ಗೆರೆ ಅಲುಗುತ್ತಿತ್ತಂತೆ. ಕಾರ್ಖಾನೆಯ ಆ ಹೆಂಗಸಿನ ಗತಿಯೇ ತನಗೂ ಬಂತೆಂದು ನಿದ್ದೆ ಹಾರಿಹೋಗಿತ್ತಂತೆ. ತರಕಾರಿ ತರುತ್ತೇನೆಂದು ಸುಳ್ಳು ಹೇಳಿ ಒಬ್ಬಳೇ ಡಾಕ್ಟರ ಹತ್ತಿರ ಹೋಗಿದ್ದಳಂತೆ. "ಅವರು ಕೈ ಚಾಚಿಸಿ ನೋಡಿ, ನಿಮಗೇನೂ ಆಗಿಲ್ಲಮ್ಮಾ ಅಂದ್ರು. ಸಮಾಧಾನಕ್ಕೆ ಹೇಳ್ತಿದ್ದಾರೆ ಅಂದ್ಕೊಂಡೆ. ಕಾಗದದ ಮೇಲೆ ಕಾಣ್ತಿದೆಯಲ್ಲ, ಕಾಗದ ಸುಳ್ಳು ಹೇಳುತ್ತಾ? ಅದಕ್ಕೇ ಫ್ರೇಮಿನವರಿಗೆ ಬಂದು ತಗೊಂಡು ಹೋಗಿ ಅಂದೆ. ಇನ್ನೂ ಕೆಡೋ ಮುಂಚೆ ಮುಗಿಸಿಬಿಡೋಣ ಅಂತ."

"ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಕೂರೋದು ನಿಲ್ಲಿಸ್ತಿದ್ರಿ. ಇಲ್ಲಾಂದ್ರೆ ಪಾಪ ಅಂತ ಕೂರ್ತಿದ್ರಿ. ಅದು ಇನ್ನೂ ಕಷ್ಟ."

ಗಡಿಬಿಡಿ ನಿನ್ನೆ ಹೆಣೆದ ಮಾತುಗಳೆಲ್ಲ ಎಲ್ಲಿ ಹೋದವೋ. ತಿಂಗಳುಗಟ್ಟಲೆ ಇಬ್ಬರೂ ಒಂದೇ ನಡುಕವನ್ನು ಎದುರುಬದುರು ಕೂತು ಮುಚ್ಚಿಟ್ಟಿದ್ದರು. ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡು ನಗುತ್ತಿದ್ದಳು. ಎಷ್ಟು ತಿಂಗಳಾಗಿತ್ತು ಅವಳು ಹಾಗೆ ನಕ್ಕು. ಓಡುವುದರಲ್ಲಿ ಹೇಗೋ ಯೋಚನೆಯಲ್ಲೂ ಹಾಗೇ ಚುರುಕಾಗಿದ್ದ ಅವನ ತಲೆಗೆ ಒಂದು ಉಪಾಯ ಇಡಿಯಾಗಿ ಬಂದು ನಿಂತಿತು: ಸುಮ್ಮನಿದ್ದುಬಿಡುವುದು. ಇನ್ನು ಮೇಲೆ ದಿನವೂ ಕೈ ಮುಚ್ಚಿಕೊಂಡೇ ಕೂರುವುದು. ಅವಳ ಕೈ ವಾಸಿಯಾಯಿತು ಎಂದು ಅವಳು ನಂಬಲಿ, ತನ್ನದು ಯಾರಿಗೂ ಕಾಣದೆ ಇರಲಿ. ಹೇಳದಿದ್ದರೆ ಯಾರ ಗಂಟೇನು ಹೋಗುತ್ತದೆ?

"ನಾಳೆ ಮಾತ್ರ ಕಪ್ ಹಿಡ್ಕೋಬೇಕು" ಎಂದಳು ಅವಳು. "ಇಷ್ಟು ದಿನ ಅದನ್ನ ಕಂಡ್ರೇ ಹೊಟ್ಟೇಲಿ ಸಂಕಟ ಆಗ್ತಿತ್ತು. ಈಗ ಹೆದರಿಕೆ ಇಲ್ಲ."

ನಾಳೆ. ನಾಳೆ ಅವಳು ಕಪ್ಪನ್ನು ಬರೆಯುತ್ತಾಳೆ, ಗೆರೆ ಸೊಟ್ಟಗೆ ಬರುತ್ತದೆ, ಅವಳು ಕಾಗದವನ್ನು ಮಗುಚಿಟ್ಟು ಒಲೆಯ ಕಡೆ ತಿರುಗುತ್ತಾಳೆ. ಅವನಿಗೆ ಅದು ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು. ಅದನ್ನು ನೋಡುತ್ತ ಕೂರುವ ಶಕ್ತಿ ಅವನಲ್ಲಿರಲಿಲ್ಲ.

ಕಂಕುಳಿನಿಂದ ಬಲಗೈ ತೆಗೆದ. ಕಟ್ಟೆಯ ಮೇಲಿನ ಕಪ್ಪನ್ನು ಎತ್ತಿ, ತಿಂಗಳುಗಳಿಂದ ಹಿಡಿಯದಿದ್ದ ಹಾಗೆ, ಎದೆಯಿಂದ ದೂರ, ಅವಳ ಕಣ್ಣೆದುರಿಗೆ ಹಿಡಿದ. ಚಹಾ ಒಳಗೇ ಕುಲುಕಿ ಅಂಚಿನಿಂದ ಒಂದು ಹನಿ ಇಳಿದು ಅವನ ಮಣಿಕಟ್ಟಿಗೆ ಹರಿಯಿತು.

"ನಿಂದಲ್ಲ ಕಣೇ" ಎಂದ. "ನಂದು."

ಅವಳು ಕಪ್ಪನ್ನು ನೋಡಿದಳು, ಕಾಗದವನ್ನು ನೋಡಿದಳು, ತನ್ನ ಕೈಯನ್ನು ತಿರುಗಿಸಿ ನೋಡಿಕೊಂಡಳು. ಜೀವಮಾನವಿಡೀ ಕನ್ನಡಿಯಲ್ಲಿ ಬೇರೆಯವರ ಮುಖ ಓದಿದ್ದ ಅವನಿಗೆ ಅವಳ ಮುಖದಲ್ಲಿ ಮೊದಲು ಬಂದದ್ದು ಏನೆಂದು ತಪ್ಪದೆ ಕಂಡಿತು: ನೆಮ್ಮದಿ. ಸಂಕಟ ಬಂದದ್ದು ಅದರ ಹಿಂದೆ. ಅವನಿಗೆ ಕಂಡದ್ದು ಅವಳಿಗೂ ಕಂಡಿತು. ಬಾಯಿಗೆ ಅಂಗೈ ಒತ್ತಿಕೊಂಡಳು.

"ನಂಗೆ ಸಮಾಧಾನ ಆಗಿಬಿಡ್ತು, ನೋಡಿ. ಎಂಥಾ ಹೆಂಗಸು ನಾನು."

"ನಿನ್ನೆಯಿಡೀ ನಾನು ನಿನ್ನ ಮೇಲೆ ಕತ್ತಿ ಮಸೀತಿದ್ದೆ" ಎಂದ ಅವನು. "ಬೇಕಂತ್ಲೇ ಬರೀತಿದ್ದಾಳೆ ಅಂತ. ಅಲ್ಲಿಗೆ ಸಮ ಆಯ್ತು ಬಿಡು."

ಅವಳು ಕಪ್ ತೆಗೆದು ಬದಿಗಿಟ್ಟು ಅವನ ಮಣಿಕಟ್ಟನ್ನು ಹಿಡಿದುಕೊಂಡಳು. ಹಿಡಿತದೊಳಗೂ ಅದು ಅದುರುತ್ತಲೇ ಇತ್ತು. "ಅಂಗಡೀಲಿ?"

"ನಿನ್ನ ತಮ್ಮನಿಗೆ ಗೊತ್ತಿದೆ ಅನ್ಸುತ್ತೆ. ಬಾಯಿ ಬಿಟ್ಟಿಲ್ಲ."

ಅವಳು "ಪಾಪ" ಎನ್ನಲಿಲ್ಲ. "ಸೋಮವಾರ ಡಾಕ್ಟರ ಹತ್ರ ಹೋಗೋಣ. ದಾರಿ ನಂಗೆ ಗೊತ್ತು" ಎಂದಳು ಅಷ್ಟೆ.

ಅಷ್ಟರಲ್ಲಿ ಹೊರಗೆ ವ್ಯಾನು ನಿಂತ ಸದ್ದು, ಬಾಗಿಲ ಮೇಲೆ ಬಡಿತ. ಅವಳು ಗಾಬರಿಯಿಂದ ಎ​ದ್ದಳು. "ವಾಪಸ್ ಕಳಿಸ್ತೀನಿ. ಇದನ್ನ ಯಾರೂ ನೋಡೋದು ಬೇಡ."

"ಬೇಡ, ಕೊಡು" ಎಂದ ಅವನು. "ಒಬ್ಬೊಬ್ಬ ಗಿರಾಕಿಯ ಮುಂದೂ ಹೇಳ್ಕೊಂಡು ಬರೋಕೆ ನನ್ನ ಕೈಲಾಗಲ್ಲ. ಗೋಡೇನೇ ಹೇಳ್ಲಿ."

ಫ್ರೇಮಿನವರು ಬಂದವರೇ ಕಟ್ಟುಗಳನ್ನು ಕಂಡು ಹಿರಿಹಿರಿ ಹಿಗ್ಗಿದರು. ಹಿಗ್ಗಿನಲ್ಲಿ ತಮ್ಮ ಕೆನ್ನೆ ಸವರಿಕೊಂಡು, "ನಾಲ್ಕು ಜನ ಬರ್ತಾರೆ, ಈ ಗಡ್ಡ ಇಟ್ಕೊಂಡು ಹೇಗೆ ನಿಲ್ಲೋದು? ನಾಳೆ ಬೆಳಿಗ್ಗೆ ನಿಮ್ಮ ಕುರ್ಚಿಗೇ ಬರ್ತೀನಿ ಅಣ್ಣಾ" ಎಂದರು.

ಆಗಲಿ ಎನ್ನಲು ಬಾಯಿ ತೆರೆದ ಗಡಿಬಿಡಿಗೆ ಬೇರೆಯೇ ಮಾತು ಹೊರಬಿತ್ತು. "ನನ್ನ ಭಾವಮೈದನ ಹತ್ರ ಮಾಡಿಸ್ಕೊಳ್ಳಿ. ನನ್ನ ಕೈ ನಡುಗುತ್ತೆ."

ಫ್ರೇಮಿನವರಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಕೈ ನೋಡಬಾರದೆಂದು ಆ ಕಡೆ ಈ ಕಡೆ ಕಣ್ಣಾಡಿಸಿ, ಸ್ಟೂಲಿನ ಮೇಲಿದ್ದ ಹಾಳೆಯನ್ನು ಆಸರೆಗೆ ಸಿಕ್ಕಿತೆಂಬಂತೆ ಎತ್ತಿಕೊಂಡರು. ನೋಡುತ್ತ ನೋಡುತ್ತ ನಿಜವಾಗಿಯೂ ಮುಖ ಅರಳಿತು. "ಇವತ್ತಿಂದಾ? ಗೆರೆ ನೋಡಿ, ನೂಲು ಹಿಡಿದ ಹಾಗಿದೆ. ಇದನ್ನ ಕೊನೇಲಿ ಹಾಕೋಣ, ಎಲ್ಲಕ್ಕಿಂತ ಚೆನ್ನಾಗಿರೋದು ಇದೇ."

ಅವಳು ಅವರ ಕೈಯಿಂದ ಹಾಳೆಯನ್ನು ತೆಗೆದುಕೊಂಡಳು.

"ಇದು ಬೇಡ."

"ಯಾಕಮ್ಮಾ?"

"ಇದರಲ್ಲಿ ಇವರಿಲ್ಲ" ಎಂದಳು.